ಎರಡು ಬಂಡೆಗಳ ನಡುವಿನ ಇಳಿಜಾರು

"ಅಲುಗಾಡ್ಬೇಡಿ! ಅಲ್ಲೇ ನಿಲ್ಲಿ!"

ಜೊವಿಟಾ ಮೇಲಿನಿಂದ ಕೂಗಿದಳು. ಎರಡು ಬಂಡೆಗಳ ನಡುವಿನ ಕಡಿದಾದ ಮರಳಿನ ಓಣಿಯಲ್ಲಿ ಯಾರೋ ಸ್ಕೀ ಕಟ್ಟಿಕೊಂಡು ಸಿಕ್ಕಿಬಿದ್ದಿದ್ದ. ಮೇಲೆ ಹತ್ತಲಾಗದು. ನೇರ ಜಾರಿದರೆ ತಲೆ ಬಂಡೆಗೆ!

ಒಮಾನಿನ ನಿಜ್ವಾ ಪಟ್ಟಣದ ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್ ಅವಳು. ಪ್ರತಿ ಶುಕ್ರವಾರ ಮರುಭೂಮಿಯ ಮರಳಿನಲ್ಲಿ ಸ್ಕೀ ಮಾಡುವ ತಂಡದ ಜೊತೆ ಬರುತ್ತಿದ್ದಳು. ಸ್ಕೀಗಳನ್ನು ಅಡ್ಡಲಾಗಿಟ್ಟು ಮೆಲ್ಲಮೆಲ್ಲನೆ ಜಾರುತ್ತಾ ಅವನ ಮೇಲ್ಗಡೆ ಬಂದು ನಿಂತಳು.

ಅವನು ತಲೆಯೆತ್ತಿದ.

ಗ್ಲಾಡ್ವಿನ್!

ಎರಡು ವರ್ಷದ ಹಿಂದೆ, ಉಡುಪಿಯ ಅವಳ ಮನೆಯಲ್ಲಿ ನಿಶ್ಚಿತಾರ್ಥಕ್ಕೆ ಎಲ್ಲರೂ ಕಾದು ಕುಳಿತಿದ್ದಾಗ ಬಾರದೇ ಹೋದವನು. ಆಮೇಲೆ ಫೋನೂ ಎತ್ತದವನು!

'ದೇವರೇ... ಇವನನ್ನೇ ನಾನು ಇಳಿಸಬೇಕಾ?'

ದಾಟಿ ಹೋಗೋಣವೆಂದರೆ ಓಣಿಯಲ್ಲಿ ಜಾಗವೇ ಇಲ್ಲ. ಅವಳೂ ಸಿಕ್ಕಿಬಿದ್ದಿದ್ದಳು.

"ಸ್ಕೀ ಬರ್ತದಾ ನಿನಗೆ?"

"ಇಲ್ಲ... ನೀನು ಇಲ್ಲಿಗೆ ಬರ್ತೀ ಅಂತ ಗೊತ್ತಾಯ್ತು. ನಿಮ್ಮ ತಂಡದ ಹಕೀಂ ಬೇಡ ಅಂದ. ನಾನೇ ಕೇಳ್ಲಿಲ್ಲ."

"ಮರುಳಾ ಮಾರಾಯ ನಿನಗೆ? ಕೆಳಗೆ ನೋಡ್ಬೇಡ! ಬೆಟ್ಟದ ಕಡೆ ವಾಲ್ಬೇಡ. ಭಾರ ಕೆಳಗಿನ ಕಾಲಿಗೆ ಹಾಕು. ಸ್ಕೀಯ ಅಂಚು ಸ್ವಲ್ಪ ಸಡಿಲ ಮಾಡು... ಸಾಕು, ಒತ್ತು!"

ಒಂದು ಮೀಟರ್ ಇಳಿದು ನಿಂತರು.

"ಜೊವಿ, ಒಂದು ಮಾತು..."

"ಮಾತೆಲ್ಲ ಕೆಳಗೆ!"

"ಕೆಳಗೆ ಹೋದ್ರೆ ನೀನು ಕಾರು ಹತ್ತಿ ಹೋಗ್ತೀ. ಇಲ್ಲಿಂದ ನಿನಗೂ ಓಡ್ಲಿಕ್ಕೆ ಆಗುದಿಲ್ಲ."

ಅವನು ಮುಂದುವರಿಸಿದ.

"ಖಸಬ್ ಊರಲ್ಲಿ ಕಫೀಲ್, ನನಗೆ ವೀಸಾ ಕೊಟ್ಟ ಧಣಿ, ನನ್ನ ಪಾಸ್‌ಪೋರ್ಟ್ ಇಟ್ಕೊಂಡಿದ್ದ. ಕೇಳಿದ್ರೆ ಕೇಸು ಹಾಕ್ತೇನೆ ಅಂದ. ನಿನ್ನ ಅಪ್ಪನ ಹತ್ರ ನಾನು ಮ್ಯಾನೇಜರ್ ಅಂತ ಹೇಳಿದ್ದೆ ಜೊವಿ... ಗೋದಾಮಿನಲ್ಲಿ ಬಾಕ್ಸ್ ಹೊರ್ತಾ ಇದ್ದೇನೆ, ಹೊರಗೆ ಬರ್ಲಿಕ್ಕೆ ಆಗುದಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಹೋದ ತಿಂಗಳಷ್ಟೇ ಪಾಸ್‌ಪೋರ್ಟ್ ಸಿಕ್ಕಿತು."

ಜೊವಿಟಾ ಅವನನ್ನೇ ನೋಡಿದಳು. ತಾನು ಅವನಿಗೆ ಬೇಡವಾದೆನೆಂದು ಕೊರಗಿದ ಎರಡು ವರ್ಷ ಇವನು ಬಾಗಿಲು ಹಾಕಿದ ಗೋದಾಮಿನಲ್ಲಿದ್ದನೇ?

"ನನಗಾದ್ರೂ ಹೇಳ್ಬಹುದಿತ್ತಲ್ಲ! ನಾನು ಮದುವೆಯಾಗ್ಲಿಕ್ಕೆ ಹೊರಟದ್ದು ಮ್ಯಾನೇಜರನ್ನಾ?"

ಅವನು ತಿರುಗಿ ನೋಡಲು ಹೋದ. ಸ್ಕೀ ಜಾರಿತು!

"ಗ್ಲಾಡ್ವಿನ್! ಅಡ್ಡ! ಅಡ್ಡ ಹಿಡಿ!"

ಮರಳು ಭರ್ರನೆ ಸುರಿಯಿತು. ಅವನು ಮಂಡಿ ಬಗ್ಗಿಸಿ ಅಂಚು ಒತ್ತಿದ. ಬಂಡೆಗೆ ಒಂದು ಮೊಳ ಇರುವಾಗ ನಿಂತ.

ಅವಳು ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು. 'ಇವನನ್ನು ಇನ್ನೊಮ್ಮೆ ಕಳೆದುಕೊಳ್ಳಲಾರೆ...'

ಆಮೇಲೆ ಅವಳ ದನಿ ಮೆತ್ತಗಾಯಿತು. ಜಾರುವುದು, ನಿಲ್ಲುವುದು, ಉಸಿರು ಬಿಡುವುದು. ಓಣಿ ಮುಗಿದು ಬಯಲು ಸಿಗುವಾಗ ಅರ್ಧ ಗಂಟೆಯೇ ಕಳೆದಿತ್ತು. ಅವನು ಮರಳ ಮೇಲೆ ಕುಸಿದು ಕುಳಿತ.

"ಈಗ ಹೋಗ್ತೀಯಾ?" ಹೆದರುತ್ತಲೇ ಕೇಳಿದ.

ಅವಳು ಸ್ಕೀ ಬಿಚ್ಚಿಟ್ಟು ಪಕ್ಕದಲ್ಲೇ ಕುಳಿತಳು.

"ಅಪ್ಪನಿಗೆ ಫೋನ್ ಮಾಡು. ಎಲ್ಲ ನೀನೇ ಹೇಳ್ಬೇಕು. ಗೋದಾಮಿನದ್ದೂ."

"ಈಗ್ಲೇ? ನನ್ನ ಕೈ ನಡುಗ್ತಾ ಉಂಟು ಜೊವಿ..."

"ಒಂದು ಕೈಯಲ್ಲಿ ಫೋನ್ ಹಿಡ್ಕೋ," ಎಂದಳು. "ಇನ್ನೊಂದು ನನಗೆ ಕೊಡು."