ಹೋಸ್ಟ್ಸ್ ಫೈಲಿನಲ್ಲಿ ಅವಳು ಬರೆದ ಸಾಲು

"ಅಯ್ಯೋ... ಇದೆಂತ ಬಂತು!"

ಸುಮೇಧಾಳ ಕೈ ಮೌಸಿನ ಮೇಲೆಯೇ ಮರಗಟ್ಟಿತು.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ ಅವಳ ಅಪ್ಪ ಪುಂಡರೀಕಾಕ್ಷ ರಾಯರ ಉಡುಪಿ ಹೋಟೆಲು. ಮಧ್ಯಾಹ್ನದ ಊಟದ ಗದ್ದಲ. ಕೌಂಟರಿನಲ್ಲಿದ್ದ ಅವಳು ಹಾಡು ಹಾಕೋಣವೆಂದು ಯಾವುದೋ ಸೈಟು ತೆರೆದಿದ್ದಳು, ಅಷ್ಟೇ. ಪರದೆಯ ತುಂಬ ಅರೆಬೆತ್ತಲೆ ಹೆಂಗಸಿನ ಜಾಹೀರಾತು! ಜೊತೆಗೆ ಅಸಹ್ಯವಾದ ಸದ್ದು... ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು.

ಬಿಲ್ಲು ಕೊಡಲು ನಿಂತವರೆಲ್ಲ ಮುಸಿಮುಸಿ ನಗತೊಡಗಿದರು. ನಾಚಿಕೆಯಿಂದ ಅವಳಿಗೆ ಅಳುವೇ ಬಂತು.

ಅಷ್ಟರಲ್ಲಿ ಸಾಲಿನಲ್ಲಿದ್ದ ಯುವಕನೊಬ್ಬ ಮುಂದೆ ಬಂದು ಸ್ಪೀಕರಿನ ವಯರು ಕಿತ್ತ. ಪರದೆಯನ್ನು ಗೋಡೆಯ ಕಡೆ ತಿರುಗಿಸಿದ.

"ಅಂಜಬ್ಯಾಡ್ರಿ. ಇದರಾಗ ನಿಮ್ಮ ತಪ್ಪೇನಿಲ್ಲ," ಎಂದ ಮೆಲ್ಲಗೆ. ಆಮೇಲೆ ನಗುತ್ತಿದ್ದವರ ಕಡೆ ತಿರುಗಿ, "ಹಂಸ್ನೇ ಕಾ ಕ್ಯಾ ಹೈ ಇಸ್ ಮೇಂ, ಭಾಯ್?" ಎಂದು, ಇದರಲ್ಲಿ ನಗುವಂಥದ್ದೇನಿದೆ ಅಂತ ಹಿಂದಿಯಲ್ಲೇ ಕೇಳಿದ. ನಗು ನಿಂತಿತು.

ಅವನು ಚನ್ನು. ಊರು ವಿಜಯಪುರದ ಕಡೆ, ಮನೆ ವಿಠ್ಠಲವಾಡಿಯಲ್ಲಿ, ಕೆಲಸ ಹೋಟೆಲಿನ ಹತ್ತಿರದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ.

ಮರುದಿನ ರಾಯರನ್ನು ಕೇಳಿಕೊಂಡು ಅವನೇ ಬಂದು ಕಂಪ್ಯೂಟರಿನೊಳಗಿನ ಹೋಸ್ಟ್ಸ್ ಎಂಬ ಫೈಲ್ ತೆರೆದ.

"ಯಾವ ಸೈಟಿಗೆ ಹೋಗೂದಿದ್ರೂ ಕಂಪ್ಯೂಟರ್ ಮೊದಲ ಇದನ್ನ ನೋಡ್ತದ. ಬ್ಯಾಡಾದ ಹೆಸರಿನ ಮುಂದ ಹಿಂಗ ನಾಕು ಸೊನ್ನಿ ಬರದ್ರ, ಅದಕ್ಕ ದಾರಿನ ಸಿಗಂಗಿಲ್ಲ. ಜಾಹೀರಾತೂ ಬರಂಗಿಲ್ಲ."

"ಇಷ್ಟೇಯಾ?"

"ಇಷ್ಟ!"

ಜಾಹೀರಾತುಗಳು ನಿಂತವು. ಚನ್ನು ಬರುವುದು ನಿಲ್ಲಲಿಲ್ಲ. ಹೊಸದೇನಾದರೂ ನುಸುಳಿದರೆ ಅದರ ಹೆಸರು ಸೇರಿಸುವುದನ್ನು ಅವಳಿಗೂ ಕಲಿಸಿದ. ಮಧ್ಯಾಹ್ನವಾದರೆ ಸಾಕು, ಸುಮೇಧಾಳ ಕಣ್ಣು ಬಾಗಿಲಿನ ಕಡೆಗೇ ಹೋಗುತ್ತಿತ್ತು...

ಒಂದು ದಿನ ರಾಯರು ಅದೇ ಕಂಪ್ಯೂಟರಿನಲ್ಲಿ ಮದುವೆ ಸಂಬಂಧಗಳ ಸೈಟು ತೆರೆದು ಕೂತಿದ್ದರು.

"ವಾಶಿಯ ಹುಡುಗ ಮಗಾ, ಬ್ಯಾಂಕಿನಲ್ಲಿ ಕೆಲಸ. ಒಳ್ಳೆ ಜನ ಕಾಣ್ತದೆ. ಸಂಜೆ ಅವರಿಗೆ ಬರೀತೇನೆ."

'ಬೇಡ ಅಂದರೆ ಯಾಕೆ ಅಂತ ಕೇಳ್ತಾರೆ. ಏನು ಹೇಳಲಿ? ಚನ್ನು ಇನ್ನೂ ಒಂದು ಮಾತೂ ಆಡಿಲ್ಲವಲ್ಲ...'

ರಾಯರು ಅಡುಗೆಮನೆಗೆ ಹೋದದ್ದೇ ತಡ, ಅವಳ ಬೆರಳುಗಳು ಹೋಸ್ಟ್ಸ್ ಫೈಲ್ ತೆರೆದವು. ನಾಲ್ಕು ಸೊನ್ನೆ. ಪಕ್ಕದಲ್ಲಿ ಆ ಸೈಟಿನ ಹೆಸರು.

ಸಂಜೆ ಸೈಟು ತೆರೆಯಲಿಲ್ಲ. ಮರುದಿನ ರಾಯರ ಸೋದರಳಿಯ ಮನೀಶ ಬಂದು ತಡಕಾಡಿ ಆ ಸಾಲನ್ನು ಹಿಡಿದೇಬಿಟ್ಟ.

"ಮಾಮ, ಇದು ಯಾರೋ ಮುದ್ದಾಂ, ಬೇಕಂತಲೇ ಮಾಡಿದ್ದು!"

ಅದೇ ಹೊತ್ತಿಗೆ ಚನ್ನು ಊಟಕ್ಕೆ ಬಂದ. ರಾಯರ ಮುಖ ಕೆಂಪಾಯಿತು.

"ನಿನ್ನನ್ನು ಮನೆಯವನ ಹಾಗೆ ನೋಡಿದೆನಲ್ಲ! ನನ್ನ ಮಗಳ ಸಂಬಂಧ ತಪ್ಪಿಸ್ಲಿಕ್ಕೆ ಈ ಕಳ್ಳ ಕೆಲಸವಾ?"

ಚನ್ನು ಪರದೆ ನೋಡಿದ. ಬಳಿಕ ಬಿಳಿಚಿಕೊಂಡಿದ್ದ ಸುಮೇಧಾಳ ಮುಖ ನೋಡಿದ. ಅವನಿಗೆ ಅರ್ಥವಾಗಿಹೋಯಿತು.

'ನಾನೇ ಅಂತ ಹೇಳು... ಹೇಳೇ!' ಅವಳ ಮನಸ್ಸು ಚೀರುತ್ತಿತ್ತು. ತುಟಿ ಮಾತ್ರ ಅಲುಗಲಿಲ್ಲ.

"ತಪ್ಪಾತ್ರಿ ರಾಯರ," ಎಂದ ಚನ್ನು. ಉಣ್ಣದೆ ಹೊರಟುಹೋದ. ಅವನ ಬೆನ್ನ ಹಿಂದೆ ಯಾರೋ ನಕ್ಕರು.

ಆ ನಗು ಸುಮೇಧಾಳನ್ನು ಬಿಡಲೇ ಇಲ್ಲ. 'ಅವತ್ತು ಎಲ್ಲರೂ ನಕ್ಕಾಗ ಅವನು ನನ್ನ ಪರ ನಿಂತ. ಇವತ್ತು ಅವನನ್ನು ನೋಡಿ ನಕ್ಕಾಗ ನಾನು? ಛೀ...'

ಚನ್ನು ಮತ್ತೆ ಬರಲಿಲ್ಲ. ಫೋನೂ ಎತ್ತಲಿಲ್ಲ. ಅವಳಿಗೆ ಊಟ ಸೇರಲಿಲ್ಲ, ಕನ್ನಡಿ ನೋಡಲು ಮನಸ್ಸಾಗಲಿಲ್ಲ.

ಕೊನೆಗೊಂದು ಮಧ್ಯಾಹ್ನ, ಮೇಜುಗಳೆಲ್ಲ ತುಂಬಿದ್ದಾಗಲೇ ಅವಳು ಎದ್ದು ನಿಂತಳು.

"ಅಪ್ಪ, ಆ ಸಾಲು ಬರೆದದ್ದು ಚನ್ನು ಅಲ್ಲ. ನಾನು!"

ಎಲ್ಲರೂ ತಿರುಗಿ ನೋಡಿದರು.

"ಎಂತ ಹೇಳ್ತಿ ನೀನು?"

"ನನಗೆ ಆ ಸಂಬಂಧ ಬೇಡ ಇತ್ತು. ಹೇಳ್ಲಿಕ್ಕೆ ಧೈರ್ಯ ಆಗ್ಲಿಲ್ಲ. ನನ್ನ ತಪ್ಪನ್ನು ಅವರು ಹೊತ್ಕೊಂಡು ಹೋದ್ರು ಅಪ್ಪ..."

ರಾಯರು ಕುರ್ಚಿಯಲ್ಲಿ ಕುಸಿದರು. "ಎಲ್ಲರ ಎದುರು ಆ ಹುಡುಗನ ಮರ್ಯಾದೆ ತೆಗೆದೆನಲ್ಲ ಮಗಾ! ಇನ್ನು ಯಾವ ಮುಖ ಇಟ್ಕೊಂಡು ಅವನ ಹತ್ರ ಮಾತಾಡುದು?"

ಭಾನುವಾರ ಸುಮೇಧಾ ವಿಠ್ಠಲವಾಡಿಗೆ ಹೋಗಿ ಚನ್ನುವಿನ ಮನೆಯ ಬಾಗಿಲು ತಟ್ಟಿದಳು. ತೆರೆದದ್ದು ಅವನ ತಾಯಿ ಈರವ್ವ. ಹುಡುಗಿಯ ಕಣ್ಣು ನೋಡಿದ್ದೇ, "ಬಾರವ್ವ ಒಳಗ," ಎಂದು ಕರೆದು, ತಾವು ಚಹಾ ಇಡಲು ಹೋದರು.

ಚನ್ನು ಎದ್ದು ನಿಂತ.

"ಕ್ಷಮಿಸಿ ಅಂತ ಕೇಳ್ಲಿಕ್ಕೂ ನಾಚಿಕೆ ಆಗ್ತದೆ..." ಎಂದಳು ಸುಮೇಧಾ. "ನೀವ್ಯಾಕೆ ಒಪ್ಕೊಂಡ್ರಿ?"

"ಮತ್ತ ನಿಮ್ಮನ್ನ ಎಲ್ಲಾರ ಮುಂದ ನಿಲ್ಲಿಸಬೇಕಿತ್ತೇನ್ರಿ?" ಅವನ ದನಿ ತಗ್ಗಿತು. "ಆದ್ರ ಖರೇ ಹೇಳ್ತೀನಿ, ಭಾಳ ನೋವಾತು. ನನ್ನ ಪರವಾಗಿ ಮಾತಾಡಾಕ ನಿಮಗ ನಾಚ್ಗಿ ಅಂತ ತಿಳ್ಕೊಂಡೆ."

"ನಿಮ್ಮ ಬಗ್ಗೆ ಅಲ್ಲ! ನನ್ನ ಬಗ್ಗೆ... ಇವತ್ತೂ ಅದೇ ನಾಚಿಕೆ. ನಾನು ಎಲ್ಲರ ಎದುರು ಹೇಳಿದೆ ಚನ್ನು ಅವ್ರೇ, ಆದರೆ ತಡವಾಯ್ತು."

ಚನ್ನು ಅವಳಿಗೆ ಕುರ್ಚಿ ಎಳೆದು ಕೊಟ್ಟ.

"ಆ ವಾಶಿ ಹುಡುಗ ಬರಬಾರದು ಅಂತ ಯಾಕ ಅನಿಸ್ತು?"

ಅವಳು ನೆಲ ನೋಡಿದಳು. "ನೀವು ದಿನಾ ಬರ್ಬೇಕು ಅಂತ..."

ಅವನ ಕಣ್ಣು ಒದ್ದೆಯಾಯಿತು. "ಇದನ್ನ ನಾನ ಮೊದಲ ಕೇಳಬೇಕಿತ್ತು, ಸುಮೇಧಾ. ಅಂಜಿದೆ."

"ಅಪ್ಪನೂ ಬಂದಿದ್ದಾರೆ."

"ಎಲ್ಲಿ?"

"ಕೆಳಗೆ ರಿಕ್ಷಾದಲ್ಲಿ. ಮೇಲೆ ಬರ್ಲಿಕ್ಕೆ ನಾಚಿಕೆ ಅಂತೆ."

ಚನ್ನು ಗ್ಯಾಲರಿಯಿಂದ ಬಗ್ಗಿ ನೋಡಿದ. ರಾಯರು ತೊಡೆಯ ಮೇಲೆ ತಿಂಡಿಯ ಪೊಟ್ಟಣ ಇಟ್ಟುಕೊಂಡು, ತಲೆ ತಗ್ಗಿಸಿ ಕೂತಿದ್ದರು. ಅವನು ಲಗುಬಗೆಯಿಂದ ಚಪ್ಪಲಿ ಮೆಟ್ಟಿದ.

"ಬಾ, ಇಬ್ಬರೂ ಕೂಡಿ ಕರಕೊಂಡ ಬರೋಣು."

"ಅವರಿಗೆ ಏನಂತ ಹೇಳ್ತೀರಿ?"

"ಅವ್ವ ಚಾ ಇಟ್ಟಾಳ ಅಂತ ಹೇಳ್ತೀನಿ. ಉಳಿದದ್ದು ನೀನ ಹೇಳು... ನಾ ನಿನ್ನ ಬಾಜೂಕ ನಿಂತಿರ್ತೀನಿ."