ಹದಿಮೂರು ಕೆಂಪು ಸೊನ್ನೆಗಳು

"ಹನ್ನೊಂದು, ಹನ್ನೆರಡು... ಹದಿಮೂರು!"

ಅಫ್ಶೀನ್ ಕಾಗದವನ್ನು ಬೆಂಚಿನ ಮೇಲೆ ಪಟ್ಟನೆ ಬಡಿದಳು. ಪಕ್ಕದಲ್ಲಿದ್ದ ದುರ್ಗಾಂಬಿಕಾಳ ಪೆನ್ಸಿಲ್ ಬಾಕ್ಸ್ ಉರುಳಿ ಕೆಳಗೆ ಬಿತ್ತು.

"ಏನೇ ಹದಿಮೂರು?"

"ಸೊನ್ನೆ! ಕೆಂಪು ಸೊನ್ನೆ! ನೋಡಿಲ್ಲಿ, ನನ್ನ ಪದ್ಯದ ತುಂಬಾ ಸುತ್ತಿ ಸುತ್ತಿ ಇಟ್ಟಾರೆ."

ದುರ್ಗಾಂಬಿಕಾ ಬಗ್ಗಿ ನೋಡಿದಳು. ನಿಜವೇ. ಎರಡು ವಾರದ ಹಿಂದೆ ನ್ಯಾಮತಿಯ ಗೆಳೆಯರ ಬಳಗವೊಂದು ಮಕ್ಕಳಿಗೆ ಕವನ ಸ್ಪರ್ಧೆ ಇಟ್ಟಿತ್ತು. ಬಹುಮಾನ ಬಂದರೂ ಬರದಿದ್ದರೂ ಪ್ರತಿಯೊಬ್ಬರ ಕಾಗದಕ್ಕೂ ಅಭಿಪ್ರಾಯ ಬರೆದು ವಾಪಸ್ ಕೊಡುತ್ತೇವೆ ಎಂದು ಬಳಗದವರು ಹೇಳಿದ್ದರು. ಇವತ್ತು ಆ ಕಾಗದಗಳು ಆರನೇ ಕ್ಲಾಸಿಗೆ ಬಂದಿದ್ದವು.

ಅಫ್ಶೀನ್ ಬರೆದಿದ್ದು ಇಷ್ಟು:

ಅಜ್ಜನ ಗಡ್ಡದಾಗೆ ಹತ್ತಿ ಐತೆ
ಯಾವುದು ಹತ್ತಿ? ಯಾವುದು ಗಡ್ಡ?
ನೋಡಾಕೆ ಹೋದ್ರೆ ಅಜ್ಜ ಸೀನ್ತಾನೆ
ಹತ್ತಿ ಹಾರ್ತೈತೆ, ಗಡ್ಡ ಉಳೀತೈತೆ
ಊರೋರೆಲ್ಲ ಮಲಗಾಕೆ ಗಾದಿ ಹೊಲೀತಾನೆ
ತಾನು ಮಲಗೋದು ಚಾಪೆ ಮ್ಯಾಲೆ
ದುಡಿಯುವ ಕೈಗಳ ನಮಿಸೋಣ
ಹಿರಿಯರ ಹಾದಿಲಿ ನಡೆಯೋಣ

'ಐತೆ'ಗೆ ಒಂದು ಸೊನ್ನೆ. 'ನೋಡಾಕೆ'ಗೆ ಒಂದು. 'ಗಾದಿ'ಗೆ ಒಂದು, ಅದರ ಪಕ್ಕದಲ್ಲಿ 'ಹಾಸಿಗೆ' ಎಂದು ತಿದ್ದುಪಡಿ. ಕೊನೆಯ ಎರಡು ಸಾಲಿನ ಪಕ್ಕದಲ್ಲಿ ಮಾತ್ರ ಒಂದು ರೈಟ್ ಮಾರ್ಕ್, 'ಉತ್ತಮ ಸಂದೇಶ'. ಎಲ್ಲಕ್ಕಿಂತ ಕೆಳಗೆ: 'ಶುದ್ಧ ಕನ್ನಡ ಕಲಿಯಬೇಕು. ಪ್ರಾಸವಿಲ್ಲ. ಇದು ಕವನವಲ್ಲ. ನೂರಕ್ಕೆ ಮೂವತ್ತೊಂದು.' ಅದರಡಿ ಸಹಿ: ಪಂಚಾಕ್ಷರಪ್ಪ.

ಅಫ್ಶೀನ್ ಕಾಗದ ಹಿಡಿದು ಸೀದಾ ಸುಧಾ ಮಿಸ್ ಟೇಬಲ್ಲಿಗೆ ಹೋದಳು.

"ಮಿಸ್, ನೀವೇ ಅಲ್ವಾ ಚೆನ್ನಾಗೈತೆ ಕಳಿಸು ಅಂದಿದ್ದು?"

ಸುಧಾ ಮಿಸ್ ಕಾಗದ ನೋಡಿ, ಮಡಿಸಿ ವಾಪಸ್ ಕೊಟ್ಟರು. "ನಂಗೆ ಇಷ್ಟ ಆಗಿತ್ತಮ್ಮ. ಆದ್ರೆ ಜಡ್ಜ್ ಅವ್ರು, ದೊಡ್ಡವ್ರು. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆಗಿರೋರು. ಹೋಗ್ಲಿ ಬಿಡು, ಮುಂದಿನ ವರ್ಷ ನೋಡಾನ."

ಹೋಗ್ಲಿ ಬಿಡು! ಆ ಮಾತು ಕೇಳಿ ಅಫ್ಶೀನ್‌ಗೆ ಇನ್ನೂ ಸಿಟ್ಟು ಬಂತು. ಏನು ಹೋಗಲಿ? ಯಾಕೆ ಬಿಡಬೇಕು? ಮಧ್ಯಾಹ್ನದ ಊಟಕ್ಕೆ ಅವಳು ಅರ್ಧ ಅನ್ನ ಬಿಟ್ಟಳು. ಕಬಡ್ಡಿಯಲ್ಲಿ ದುರ್ಗಾಂಬಿಕಾಳ ಕಾಲನ್ನು ಎಷ್ಟು ಜೋರಾಗಿ ಎಳೆದಳೆಂದರೆ ಪಾಪ, ಅವಳ ಮೊಣಕಾಲು ತರಚಿಹೋಯಿತು.

ಸಂಜೆ ಅವಳು ಮನೆಗೆ ಹೋಗದೆ ಅಂಗಡಿಗೆ ಹೋದಳು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅವರದು ಹಾಸಿಗೆ ಹೊಲಿಯುವ ಅಂಗಡಿ. ಅಪ್ಪ ಹತ್ತಿ ಹಿಂಜುವ ಮಷಿನ್ ನೋಡಿಕೊಳ್ಳುತ್ತಾನೆ. ಅಜ್ಜ ಸುಬಾನಸಾಬ ಒಳಗೆ ಕೂತು, ಉದ್ದನೆಯ ದಬ್ಬಣದಲ್ಲಿ ಗಾದಿಗೆ ಹೊಲಿಗೆ ಹಾಕುತ್ತಾನೆ. ಮಷಿನ್ ಓಡುವಾಗ ಅಂಗಡಿಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

"ಬಾರವ್ವ!" ಅಜ್ಜ ಕೂಗಿ ಹೇಳಿದ. "ಪದ್ಯದ ಪೇಪರ್ ಬಂತಂತೆ? ಓದು, ಕೇಳಾನ."

ಅಫ್ಶೀನ್ ಈ ಪದ್ಯವನ್ನು ಅಜ್ಜನಿಗೆ ಇನ್ನೂ ಓದಿ ಹೇಳಿರಲಿಲ್ಲ. ಬಹುಮಾನ ಬಂದ ಮೇಲೆ ಹೇಳಬೇಕು ಎಂದುಕೊಂಡಿದ್ದಳು.

"ಓದಾಕೆ ಏನಿಲ್ಲ!" ಅವಳೂ ಕೂಗಿದಳು.

"ಪ್ರೈಜ್ ಬರ್ಲಿಲ್ಲ ಅಂತ ಬ್ಯಾಸರನಾ? ಅದಕ್ಕೇನು. ಆ ಡಬ್ಬಿಯಾಗೆ ಮಂಡಕ್ಕಿ ಐತೆ, ತಿನ್ನು."

"ಐತೆ ಅಲ್ಲ, ಇದೆ! ಡಬ್ಬಿಯಾಗೆ ಅಲ್ಲ, ಡಬ್ಬಿಯಲ್ಲಿ! ನೀನು ತಪ್ಪು ತಪ್ಪು ಮಾತಾಡ್ತೀಯ, ನಾನು ಅದನ್ನೇ ಕಲ್ತಿದೀನಿ. ನಿನ್ನಿಂದಾನೇ ನನ್ನ ಮಾರ್ಕ್ಸ್ ಹೋಯ್ತು!"

ಅವಳು ಬಾಯಿ ತೆರೆದಾಗಲೇ ಅಪ್ಪ ಮಷಿನ್ ಆಫ್ ಮಾಡಿದ್ದ. ಅವಳ ಮಾತು ಅಂಗಡಿಗೆಲ್ಲ ಕೇಳಿಸಿತು. ಹೊರಗೆ ಸೈಕಲ್ ನಿಲ್ಲಿಸುತ್ತಿದ್ದವನೂ ತಿರುಗಿ ನೋಡಿದ.

"ಏಯ್!" ಎಂದು ಅಪ್ಪ ಗದರಿದ. ಅಜ್ಜ ಕೈ ಎತ್ತಿ ಅವನನ್ನು ತಡೆದ. ದಬ್ಬಣವನ್ನು ಗಾದಿಗೆ ಚುಚ್ಚಿದ, ಎಳೆದ, ಮತ್ತೆ ಚುಚ್ಚಿದ.

ಸ್ವಲ್ಪ ಹೊತ್ತಿಗೆ ಪರಶುರಾಮ್ ಬಂದ. ಅವನು ಅಂಗಡಿಯ ಹಳೆಯ ಗಿರಾಕಿ.

"ಸಾಬ್ರೇ, ನಮ್ ಗಾದಿ ಆತೇನ್ರಿ?"

ಅಜ್ಜ ಬಾಯಿ ತೆರೆದ. ಅಫ್ಶೀನ್ ಕಡೆ ಒಮ್ಮೆ ನೋಡಿದ. ಆಮೇಲೆ ಒಂದೊಂದೇ ಪದವನ್ನು ಹುಡುಕಿ ಜೋಡಿಸುವವನಂತೆ ಹೇಳಿದ: "ಆತು... ಆಯಿತು. ಹಾಸಿಗೆ... ಸಿದ್ಧ ಇದೆ."

ಪರಶುರಾಮ್ ನಕ್ಕುಬಿಟ್ಟ. "ಏನ್ ಸಾಬ್ರೇ, ಇವತ್ತು ರೇಡಿಯೋದಾಗೆ ಮಾತಾಡ್ದಂಗೆ ಮಾತಾಡ್ತೀರಿ!"

ಅಜ್ಜ ನಗಲಿಲ್ಲ.

ಅಫ್ಶೀನ್‌ಳ ಕಿವಿ ಬಿಸಿಯಾಯಿತು. ಮಂಡಕ್ಕಿ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಹಾಕುತ್ತಾ ತೆಗೆಯುತ್ತಾ ಕುಳಿತಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಯಾರ ಮೇಲೆ ಎಂದು ಯೋಚಿಸಿದಳು. ಪಂಚಾಕ್ಷರಪ್ಪನವರ ಮೇಲೆ! ಅವರು ಆ ಸೊನ್ನೆ ಸುತ್ತದೇ ಇದ್ದಿದ್ದರೆ ನಾನು ಅಜ್ಜನಿಗೆ ಹಾಗೆ ಅನ್ನುತ್ತಿದ್ದೆನಾ?

ಮರುದಿನ ಶನಿವಾರ. ಬೆಳಗಿನ ಸ್ಕೂಲು. ಬೆಲ್ ಹೊಡೆದದ್ದೇ ಅಫ್ಶೀನ್ ದುರ್ಗಾಂಬಿಕಾಳ ಕೈ ಹಿಡಿದು ಎಳೆದಳು.

"ಪಂಚಾಕ್ಷರಪ್ಪ ಮೇಷ್ಟ್ರ ಮನೆ ನಿಂಗೆ ಗೊತ್ತಲ್ಲ? ನಡಿ."

"ಅಯ್ಯಯ್ಯೋ, ಬೈತಾರೆ ಕಣೇ!"

"ಬೈಲಿ. ನಾನೂ ಬೈತೀನಿ."

ಮೇಷ್ಟ್ರ ಮನೆಯ ಗೇಟು ತೆರೆದೇ ಇತ್ತು. ಬನಿಯನ್ ಹಾಕಿಕೊಂಡು ಪಂಚೆ ಮೇಲೆ ಕಟ್ಟಿಕೊಂಡ ತೆಳ್ಳನೆಯ ಮುದುಕರೊಬ್ಬರು ಅಂಗಳದ ನಲ್ಲಿಯ ಮುಂದೆ ಬಗ್ಗಿದ್ದರು. ಒಳಗೆ ತಿರುಗಿ ಜೋರಾಗಿ ಕೂಗಿದರು.

"ಶಾಂತಾ! ನೀರು ಬಂದೈತೆ! ಕೊಡ ತಗೊಂಡು ಬಾ, ಹಿಡಿಯಾಕೆ ಏನೂ ಇಲ್ಲ ಇಲ್ಲಿ!"

ದುರ್ಗಾಂಬಿಕಾ ಅಫ್ಶೀನ್‌ಳ ಮುಖ ನೋಡಿದಳು. ಅಫ್ಶೀನ್ ಸೀದಾ ಒಳಗೆ ನಡೆದಳು.

"ಸರ್, ನೀವು ಈಗ ಐತೆ ಅಂದ್ರಿ. ಹಿಡಿಯಾಕೆ ಅಂದ್ರಿ."

ಮೇಷ್ಟ್ರು ಸೊಂಟ ನೆಟ್ಟಗೆ ಮಾಡಿದರು. "ಯಾರಮ್ಮ ನೀನು?"

"ನಾನು ಅಫ್ಶೀನ್. ಮೂವತ್ತೊಂದು ಮಾರ್ಕ್ಸು." ಅವಳು ಕಾಗದ ಚಾಚಿದಳು. "ನೀವು ಅಂದ್ರೆ ಸರಿ, ನಾನು ಬರೆದ್ರೆ ಸೊನ್ನೆನಾ?"

ಶಾಂತಾದೇವಿ ಕೊಡ ತಂದು ನಲ್ಲಿಗೆ ಇಟ್ಟು, ಇಬ್ಬರು ಹುಡುಗಿಯರನ್ನೂ ಗಂಡನನ್ನೂ ನೋಡಿ ಅಲ್ಲೇ ನಿಂತರು.

ಮೇಷ್ಟ್ರು ಕನ್ನಡಕ ಹುಡುಕಿ ಹಾಕಿಕೊಂಡರು. "ನೋಡಮ್ಮ, ಮನೇಲಿ ಮಾತಾಡೋದು ಬೇರೆ, ಬರಿಯೋದು ಬೇರೆ. ಹಿಂಗೆ ಬರದ್ರೆ ಪರೀಕ್ಷೆಯಾಗೆ ಮಾರ್ಕ್ಸ್ ಹೋಗ್ತಾವೆ. ಮೂವತ್ತೈದು ವರ್ಷ ನಾನು ಮಕ್ಕಳಿಗೆ ತಿದ್ದಿದ್ದು ಇದನ್ನೇ."

"ಇದು ಪರೀಕ್ಷೆ ಅಲ್ಲಲ್ಲ ಸರ್. ಪದ್ಯ."

"ತೊಂಬತ್ತೆರಡು ಪದ್ಯ ಕೊಟ್ಟಿದ್ರು ನಂಗೆ. ಎರಡೇ ದಿನ. ಒಂದೊಂದನ್ನೂ..." ಅವರು ಮಾತು ಅರ್ಧಕ್ಕೆ ನಿಲ್ಲಿಸಿದರು.

"ಓದೇ ಇಲ್ವಾ?" ಅಫ್ಶೀನ್‌ಳ ಧ್ವನಿ ಏರಿತು. "ಸೊನ್ನೆ ಮಾತ್ರ ಸುತ್ತಿದ್ರಾ? ನಮ್ಮಜ್ಜ ನಿನ್ನೆಯಿಂದ ಬಾಯಿ ಬಿಡಾಕೆ ಹೆದರ್ತಾನೆ. ಗಿರಾಕಿ ಮುಂದೆ ತಡವರಿಸ್ತಾನೆ. ನಾನೇ ಬೈದೆ ಅವನಿಗೆ. ತಪ್ಪು ಮಾತಾಡ್ತೀಯ ಅಂದೆ. ನೀವು ಗೀಚಿದ್ದಕ್ಕೆ!"

ದುರ್ಗಾಂಬಿಕಾ ಅವಳ ಯೂನಿಫಾರ್ಮ್ ತುದಿ ಹಿಡಿದುಕೊಂಡಳು. ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಯಾರೂ ನಲ್ಲಿ ತಿರುಗಿಸಲಿಲ್ಲ.

"ಓದು ನೋಡಾನ," ಎಂದರು ಮೇಷ್ಟ್ರು.

"ನೀವೇ ಓದ್ರಿ. ಗಟ್ಟಿಯಾಗಿ."

"ಅಫ್ಶೀ!" ಎಂದು ದುರ್ಗಾಂಬಿಕಾ ಪಿಸುಗುಟ್ಟಿದಳು. ಮೇಷ್ಟ್ರ ಹುಬ್ಬು ಗಂಟಾಯಿತು. ಇನ್ನೇನು ಹೊರಗೆ ಹೋಗು ಅನ್ನುತ್ತಾರೆ ಎಂದು ಅಫ್ಶೀನ್ ಕಾದಳು. ಅವರು ಅನ್ನಲಿಲ್ಲ. ಜಗಲಿಯ ಮೇಲೆ ಕೂತು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದತೊಡಗಿದರು.

ಮೊದಲ ಸಾಲನ್ನು ಪಾಠದಂತೆ ಓದಿದರು. ಎರಡನೆಯ ಸಾಲಿಗೆ ಧ್ವನಿ ಸ್ವಲ್ಪ ಬದಲಾಯಿತು. "ಹತ್ತಿ ಹಾರ್ತೈತೆ, ಗಡ್ಡ ಉಳೀತೈತೆ" ಎಂದು ಓದಿದಾಗ ಶಾಂತಾದೇವಿ ಕಿಸಕ್ಕೆಂದು ನಕ್ಕರು.

"ಆಮ್ಯಾಲೆ?" ಎಂದು ಕೇಳಿದರು ಅವರು.

"ಊರೋರೆಲ್ಲ ಮಲಗಾಕೆ ಗಾದಿ ಹೊಲೀತಾನೆ. ತಾನು ಮಲಗೋದು ಚಾಪೆ ಮ್ಯಾಲೆ."

"ಪಾಪ," ಎಂದರು ಶಾಂತಾದೇವಿ.

"ಪಾಪ ಏನಲ್ಲ ರೀ," ಅಫ್ಶೀನ್ ಸಿಟ್ಟಿನಲ್ಲೇ ಹೇಳಿದಳು. "ಗಾದಿ ಮ್ಯಾಲೆ ಮಲಗಿದ್ರೆ ಸೊಂಟ ಹಿಡೀತೈತೆ ಅಂತಾನೆ."

ಈ ಸಲ ಮೇಷ್ಟ್ರ ತುಟಿಯೂ ಅಲುಗಿತು. ಅವರು ಕೊನೆಯ ಎರಡು ಸಾಲು ಓದಿದರು. "ದುಡಿಯುವ ಕೈಗಳ ನಮಿಸೋಣ. ಹಿರಿಯರ ಹಾದಿಲಿ ನಡೆಯೋಣ."

ಶಾಂತಾದೇವಿ ಆ ಹೊತ್ತಿಗೆ ನಲ್ಲಿಯ ಕಡೆ ತಿರುಗಿ ತುಂಬಿದ ಕೊಡ ಎತ್ತಿಕೊಂಡಿದ್ದರು. ಆ ಸಾಲುಗಳನ್ನು ಅವರು ಕೇಳಿಸಿಕೊಂಡ ಹಾಗೇ ಇರಲಿಲ್ಲ.

ಮೇಷ್ಟ್ರು ಅದನ್ನು ಗಮನಿಸಿದರು. ಕಾಗದವನ್ನು ಮತ್ತೊಮ್ಮೆ ನೋಡಿದರು.

"ಈ ಎರಡು ಸಾಲು ಎಲ್ಲಿಂದ ಬಂದ್ವಮ್ಮ?"

ಅಫ್ಶೀನ್ ಚಪ್ಪಲಿಯ ತುದಿಯಿಂದ ನೆಲ ಕೆರೆದಳು.

"ಇವು ನಿನ್ನ ಅಜ್ಜಂದೂ ಅಲ್ಲ, ನಿಂದೂ ಅಲ್ಲ ಅನ್ನಿಸ್ತೈತೆ."

"ಹೋದ ವರ್ಷ ಫಸ್ಟ್ ಬಂದ ಪದ್ಯದಾಗೆ ಕೊನೆಗೆ ಹಿಂಗೇ ಇತ್ತು," ಎಂದಳು ಅವಳು, ನೆಲ ನೋಡುತ್ತಾ. "ಜಡ್ಜಿಗೆ ಇಷ್ಟ ಆಗ್ತೈತೆ ಅಂತ ಸೇರಿಸ್ದೆ."

"ಆಯ್ತಲ್ಲ ಇಷ್ಟ," ಎಂದರು ಮೇಷ್ಟ್ರು ಮೆಲ್ಲಗೆ. ಅವರ ಬೆರಳು ಆ ರೈಟ್ ಮಾರ್ಕಿನ ಮೇಲಿತ್ತು. ಇಡೀ ಪದ್ಯದಲ್ಲಿ ಅವರು ಹಾಕಿದ್ದು ಅದೊಂದೇ ರೈಟ್.

ಅವರು ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಆಮೇಲೆ ಹೇಳಿದರು: "ರಿಸಲ್ಟ್ ಬದಲಾಯಿಸಾಕೆ ಬರಲ್ಲ. ಪ್ರೈಜ್ ಕೊಟ್ಟಾಯ್ತು."

"ನಂಗೆ ಪ್ರೈಜ್ ಬ್ಯಾಡ."

"ಮತ್ತೇನು ಬೇಕು?"

ಅಫ್ಶೀನ್ ಬೆರಳು ಇಟ್ಟು ತೋರಿಸಿದಳು. "ಇದು."

'ಇದು ಕವನವಲ್ಲ.' ಮೇಷ್ಟ್ರು ಎದ್ದು ಒಳಗೆ ಹೋಗಿ ಕೆಂಪು ಪೆನ್ನು ತಂದರು. ಆ ಎರಡು ಪದಗಳ ಮೇಲೆ ಒಂದು ಗೆರೆ ಎಳೆದರು. ಯೋಚಿಸಿ, ರೈಟ್ ಮಾರ್ಕನ್ನೂ ಹೊಡೆದುಹಾಕಿದರು.

"ಪ್ರಾಸ ಇಲ್ಲ ಅನ್ನೋದು ಮಾತ್ರ ನಿಜ. ಅದನ್ನ ನಾನು ತೆಗಿಯಲ್ಲ."

"ಪ್ರಾಸ ಬ್ಯಾಡ ನಂಗೆ."

"ಬ್ಯಾಡಾದ್ರೆ ಬಿಡು!" ಎಂದು ಅವರೂ ಸಿಟ್ಟಿನಿಂದಲೇ ಅಂದರು. ಕಾಗದ ಮಡಿಸಿ ಅವಳ ಕೈಗೆ ಕೊಟ್ಟರು. ಗೇಟಿನವರೆಗೂ ಬಂದು, "ಏ ಹುಡುಗಿ, ಇನ್ನೊಂದು ಬರೆದ್ರೆ ತಂದು ತೋರ್ಸು. ಇಂಥ ಸಾಲು ಸೇರಿಸಿದ್ರೆ ಮಾತ್ರ ಓದಲ್ಲ," ಎಂದರು.

ದಾರಿಯಲ್ಲಿ ದುರ್ಗಾಂಬಿಕಾ ಕುಣಿಯುತ್ತಿದ್ದಳು. "ಗೆದ್ಯಲ್ಲೇ! ಮೇಷ್ಟ್ರ ಕೈಲೇ ಗೆರೆ ಹೊಡಿಸಿಬಿಟ್ಟೆ!"

ಅಫ್ಶೀನ್ "ಹೂಂ" ಅಂದಳು. ಗೆದ್ದ ಹಾಗೆ ಅನಿಸುತ್ತಿರಲಿಲ್ಲ. ಬರೆದದ್ದರ ಮೇಲೆ ಮೇಷ್ಟ್ರು ಒಂದು ಗೆರೆ ಎಳೆದರು, ಮುಗಿಯಿತು. ಅವಳು ಅಜ್ಜನಿಗೆ ಅಂದದ್ದು ಕಾಗದದ ಮೇಲಿರಲಿಲ್ಲ.

ಅಂಗಡಿಗೆ ಬಂದಾಗ ಅಪ್ಪ ಊಟಕ್ಕೆ ಹೋಗಿದ್ದ. ಮಷಿನ್ ಸುಮ್ಮನಿತ್ತು. ಅಜ್ಜ ಒಬ್ಬನೇ ದಿಂಬಿಗೆ ಹತ್ತಿ ತುಂಬುತ್ತಿದ್ದ.

"ಬಂದ್ಯಾ," ಎಂದ. ಸ್ವಲ್ಪ ತಡೆದು, "ಬುತ್ತಿ... ಇದೆ. ಉಣ್ಣು," ಎಂದ.

ಕ್ಷಮಿಸು ಅನ್ನಬೇಕೆಂದು ಅವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಬಾಯಿಗೆ ಬರಲಿಲ್ಲ. ಅವನ ಎದುರಿಗೆ ಕೂತು ದಿಂಬಿನ ಬಾಯಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಅಜ್ಜ ಹತ್ತಿ ತುರುಕಿದ.

"ಅಜ್ಜ, ಮಷಿನ್ ಇಲ್ಲದಾಗ ಹತ್ತಿ ಹೆಂಗೆ ಹಿಂಜ್ತಿದ್ದೆ?"

"ಬಿಲ್ಲು ಇತ್ತು. ಅದರ ತಂತಿ ಮೀಟಿ ಹತ್ತಿ ಹಿಂಜುತ್ತಿದ್ದೆ. ಹೆಗಲ ಮೇಲೆ ಇಟ್ಟುಕೊಂಡು ಊರೂರು ನಡೆಯುತ್ತಿದ್ದೆ." ಅಜ್ಜ ನಿಧಾನವಾಗಿ, ನೋಡಿಕೊಂಡು ಹೇಳುತ್ತಿದ್ದ. "ಹೊನ್ನಾಳಿ, ಸಾಸ್ವೆಹಳ್ಳಿ... ಆ ಕಡೆ ಎಲ್ಲ."

"ನಾಯಿ ಬೊಗಳ್ತಿರ್ಲಿಲ್ವಾ?"

"ಬೊಗಳುತ್ತಿತ್ತು." ಅವನು ತಲೆಯೆತ್ತಿದ. ಕಣ್ಣು ಸಣ್ಣಗಾಯಿತು. "ನಲ್ಲೂರಾಗೆ ಒಂದು ಕರಿ ನಾಯಿ ಇತ್ತು ನೋಡು. ಬಿಲ್ಲು ಟೊಂಯ್ ಅಂದ್ರೆ ಸಾಕು, ಎಲ್ಲಿದ್ರೂ ಓಡಿ ಬರದು. ಒಂದ್ಸಲ ನನ್ನ ಪಂಚೆ ಹಿಡ್ಕಂಡು ಎಳೀತು, ನಾನು ಬಿಲ್ಲು ಬಿಸಾಕಿ ನಿಂತಿರೋ ಎತ್ತಿನ ಗಾಡಿ ಹತ್ತಿದೀನಿ! ಪಂಚೆ ಕೆಳಗೆ ನಾಯಿ ಬಾಯಾಗೆ, ನಾನು ಮ್ಯಾಲೆ! ಇನ್ನೂ ಕಣ್ಣಾಗೈತೆ ಆ ನಾಯಿ!"

ಅಜ್ಜ ಜೋರಾಗಿ ನಗುತ್ತಿದ್ದ. ನಗುತ್ತಾ ನಗುತ್ತಾ ಕೈಯಾಡಿಸಿ ಆ ಗಾಡಿ ಎಷ್ಟು ಎತ್ತರ ಇತ್ತು ಎಂದು ತೋರಿಸುತ್ತಿದ್ದ.

ಅಫ್ಶೀನ್ ತಲೆ ಎತ್ತಲಿಲ್ಲ. ಅವನ ಮಾತು ಮೊದಲಿನಂತಾದದ್ದನ್ನು ತಾನು ಗಮನಿಸಿದ್ದು ಅವನಿಗೆ ಗೊತ್ತಾದರೆ ಎಲ್ಲಿ ಮತ್ತೆ ನಿಂತುಬಿಡುತ್ತಾನೋ ಎಂದು, ದಿಂಬಿನ ಬಾಯಿಯನ್ನೇ ನೋಡುತ್ತಾ ಕೇಳಿದಳು:

"ಆಮ್ಯಾಲೆ?"