ತೆಳು ಗಾಜು, ದಪ್ಪ ಗಾಜು

“ಅಲ್ಲಾಡಬೇಡ ಕಣಮ್ಮ, ಅಳತೆ ತಪ್ಪುತ್ತೆ,” ಎಂದಳು ಅಮ್ಮ.

ಮೂಗುಜ್ಜಿ ಉಸಿರು ಬಿಗಿಹಿಡಿದು ಕುರ್ಚಿಯ ಮೇಲೆ ನೆಟ್ಟಗೆ ಕುಳಿತಳು. ಅಮ್ಮ ಪುಟ್ಟ ಸ್ಕೇಲೊಂದನ್ನು ಅವಳ ಮೂಗಿನ ಮೇಲೆ ಅಡ್ಡಡ್ಡ ಹಿಡಿದು, ಎರಡು ಕಣ್ಣಿನ ನಡುವಿನ ಅಳತೆ ನೋಡಿಕೊಂಡಳು. ಆಚೆ ಸ್ಟೂಲಿನ ಮೇಲೆ ಕುಳಿತು ಗಾಜಿನ ಪ್ಯಾಕೆಟ್ಟುಗಳನ್ನು ಜೋಡಿಸುತ್ತಿದ್ದ ರೇಡಿಯೊಗೆ ನಗು ತಡೆಯಲಾಗಲಿಲ್ಲ.

“ಅಮ್ಮ, ಉಸಿರಾಡಬಹುದು ಅಂತಾದ್ರೂ ಹೇಳೇ ಅವಳಿಗೆ!”

“ನೀನು ಸ್ವಲ್ಪ ಹೊತ್ತು ಬಾಯಿಗೆ ಬೀಗ ಹಾಕು. ಅವಳು ತಾನಾಗೇ ಉಸಿರಾಡ್ತಾಳೆ.”

ರೇಡಿಯೊ ಎಂದರೆ ಹಾಡು ಹೇಳುವ ಪೆಟ್ಟಿಗೆಯಲ್ಲ, ಕನ್ನಡಕದಂಗಡಿಯ ಅಮ್ಮನ ಮಗಳು. ಓದುವುದು ಐದನೇ ಕ್ಲಾಸು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ ಮಾತು ನಿದ್ದೆ ಬರುವವರೆಗೆ ನಿಲ್ಲುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಮೂಗುಜ್ಜಿ ಅವಳ ಕ್ಲಾಸಿನವಳೇ. ಪುಸ್ತಕಕ್ಕೆ ಮೂಗು ಉಜ್ಜುವಷ್ಟು ಹತ್ತಿರ ಹಿಡಿದು ಓದುತ್ತಾಳೆಂದು ಮಕ್ಕಳು ಇಟ್ಟ ಹೆಸರು ಅದು. ಮೊದಮೊದಲು ಅತ್ತಿದ್ದಳು. ಈಗ ಯಾರಾದರೂ ಹಾಗೆ ಕೂಗಿದರೆ “ಏನು ಮೊಮ್ಮಗುವೇ?” ಎಂದು ಅಜ್ಜಿಯ ದನಿಯಲ್ಲಿ ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದಳು.

ಹಿಂದಿನ ವಾರ ಶಾಲೆಗೆ ಕಣ್ಣಿನ ಡಾಕ್ಟರು ಬಂದಿದ್ದರು. ಹಲವು ಮಕ್ಕಳಿಗೆ ಕನ್ನಡಕ ಬೇಕೆಂದು ಚೀಟಿ ಬರೆದುಕೊಟ್ಟಿದ್ದರು. ಹೆಡ್‌ಮಿಸ್ ಅಮ್ಮನನ್ನು ಕರೆಸಿ, “ಮಕ್ಕಳಿಗೆ ಏನಾದ್ರೂ ಅನುಕೂಲ ಮಾಡಿಕೊಡ್ತೀರಾ?” ಎಂದು ಕೇಳಿದಾಗ, ಅಮ್ಮ ಒಂದು ದಿನ ಯೋಚಿಸಿ ಒಪ್ಪಿಕೊಂಡಿದ್ದಳು. ಒಂದೇ ಥರದ ಕಪ್ಪು ಫ್ರೇಮು, ಪವರ್ ಎಷ್ಟೇ ಇರಲಿ, ಎಲ್ಲರಿಗೂ ಒಂದೇ ಬೆಲೆ.

ಮೂಗುಜ್ಜಿಯ ಜೊತೆ ಅವಳ ದೊಡ್ಡಮ್ಮ ಬಂದಿದ್ದರು. ಅವರು ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸದವರು. ಬ್ಯಾಗನ್ನು ಎದೆಗೆ ಅವಚಿಕೊಂಡು ಬಾಗಿಲ ಹತ್ತಿರವೇ ನಿಂತಿದ್ದರು.

“ಹೋದ ವರ್ಷ ಇನ್ನೊಂದು ಅಂಗಡೀಲಿ ಕೇಳಿದ್ವಿ ಮೇಡಂ. ಇವಳ ಗಾಜು ದಪ್ಪ, ಸ್ಪೆಷಲ್ಲಾಗಿ ತರಿಸ್ಬೇಕು ಅಂತ ಏನೇನೋ ರೇಟು ಹೇಳಿದ್ರು. ಸುಮ್ಮನೆ ವಾಪಸ್ ಬಂದ್ವಿ. ಇಲ್ಲೂ...?”

“ಇಲ್ಲಿ ಶಾಲೆ ಮಕ್ಕಳಿಗೆಲ್ಲ ಒಂದೇ ರೇಟು ಅಕ್ಕ. ದಪ್ಪಕ್ಕೂ ಅಷ್ಟೇ, ತೆಳ್ಳಗಿರೋದಕ್ಕೂ ಅಷ್ಟೇ.”

ದೊಡ್ಡಮ್ಮ ಬ್ಯಾಗನ್ನು ಕೆಳಗಿಳಿಸಿ ಬೆಂಚಿನ ಮೇಲೆ ಕುಳಿತರು.

ಅವರು ಹೋದ ಮೇಲೆ ರೇಡಿಯೊ ಕೈಯಲ್ಲಿದ್ದ ಪ್ಯಾಕೆಟ್ಟನ್ನು ತಿರುಗಿಸಿ ನೋಡಿದಳು. ಪ್ರತಿ ಪ್ಯಾಕೆಟ್ಟಿನ ಮೂಲೆಯಲ್ಲೂ ಅಮ್ಮ ಪೆನ್ಸಿಲಿನಲ್ಲಿ ತಾನು ಕೊಂಡ ಬೆಲೆ ಬರೆದಿಡುತ್ತಿದ್ದಳು. ಇದು ಏಣಿಯ ಪವರಿನ ಗಾಜು. ಏಣಿ ಎಂದರೆ ಕ್ಲಾಸಿಗೆಲ್ಲ ಉದ್ದದ ಹುಡುಗ, ಸೈಕಲ್ ಅಂಗಡಿಯವರ ಮಗ. ಗಾಜು ಉಗುರಿನ ಹಾಗೆ ತೆಳ್ಳಗಿತ್ತು, ಬೆಲೆಯೂ ಚಿಕ್ಕದಾಗಿತ್ತು. ಫ್ರೇಮಿನದನ್ನು ಸೇರಿಸಿದರೂ ಅಮ್ಮ ಕೇಳುತ್ತಿದ್ದ ದುಡ್ಡಿನ ಅರ್ಧ ಮುಟ್ಟುತ್ತಿರಲಿಲ್ಲ. ಮೂಗುಜ್ಜಿಯ ಗಾಜಿಗೋ, ಕಂಪನಿಯವರು ಹೇಳಿದ ಬೆಲೆಯೇ ಅಮ್ಮನ ರೇಟನ್ನು ದಾಟಿ ಎಲ್ಲೋ ಹೋಗಿತ್ತು.

“ಅಮ್ಮ! ಏಣಿ ಹತ್ರ ಜಾಸ್ತಿ ತಗೋತಾ ಇದೀಯ!”

ಅಮ್ಮ ಗಾಜಿನ ಅಂಚು ಉಜ್ಜುವ ಚಕ್ರದ ಮುಂದೆ ಕುಳಿತಿದ್ದಳು. ಚಕ್ರ ಕರಕರ ಸದ್ದು ಮಾಡುತ್ತಿತ್ತು, ನೀರು ಚಿಮ್ಮುತ್ತಿತ್ತು. “ತೆಳು ಗಾಜಿನವರು ತುಂಬ ಜನ, ದಪ್ಪದವರು ಒಬ್ಬಿಬ್ಬರು. ಎಲ್ಲ ಸೇರಿದ್ರೆ ಸರಿಹೋಗುತ್ತೆ,” ಎಂದು ತಲೆಯೆತ್ತದೆ ಕೂಗಿದಳು.

ರೇಡಿಯೊಗೆ ಸಮಾಧಾನವಾಗಲಿಲ್ಲ. ಮೊನ್ನೆ ತಾನೇ ಕ್ಲಾಸಿಗೆ ಚಾರ್ಟ್ ಪೇಪರ್ ತಂದಾಗ, ಯಾರು ಎಷ್ಟು ಶೀಟ್ ತಗೊಂಡರೋ ಅವರು ಅಷ್ಟಕ್ಕೇ ದುಡ್ಡು ಕೊಡಬೇಕು ಎಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವಳು ಬೇರೆ ಯಾರೂ ಅಲ್ಲ, ಕ್ಲಾಸ್ ಲೀಡರ್ ರೇಡಿಯೊ. ಈಗ ತನ್ನ ಅಮ್ಮನೇ ಹೀಗೆ ಮಾಡಿದರೆ?

ಮರುದಿನ ಊಟದ ಬಿಡುವಿನಲ್ಲಿ ಅವಳು ಏಣಿಯನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿಬಿಟ್ಟಳು. ಹೇಳಿ ಮುಗಿಸಿದಾಗ ದೊಡ್ಡ ನ್ಯಾಯಾಧೀಶೆಯಾದಷ್ಟು ಹೆಮ್ಮೆಯಾಯಿತು.

ಆ ಹೆಮ್ಮೆ ಸಂಜೆಯವರೆಗೂ ಉಳಿಯಲಿಲ್ಲ. ಸೈಕಲ್ ಅಂಗಡಿಯ ಅಂಕಲ್ ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತ ಅಂಗಡಿಯ ಮೆಟ್ಟಿಲು ಹತ್ತಿದರು.

“ಏನಕ್ಕ ಇದು? ನನ್ನ ಮಗನ ಗಾಜು ಅಷ್ಟು ಅಗ್ಗ ಅಂತೆ. ಬೇರೆಯವರ ಗಾಜಿನ ದುಡ್ಡು ನನ್ನ ತಲೆ ಮೇಲೆ ಯಾಕೆ?”

“ನಿಮಗೆ ಯಾರು ಹೇಳಿದ್ರು ಅಣ್ಣ?”

ಅಂಕಲ್ ಕಣ್ಣು ಸ್ಟೂಲಿನ ಕಡೆ ಹೋಯಿತು. ರೇಡಿಯೊ ಕೆಳಗೆ ಬಿದ್ದಿರದ ಪ್ಯಾಕೆಟ್ಟನ್ನು ಹುಡುಕುತ್ತ ಮೇಜಿನ ಅಡಿಗೆ ತೂರಿಕೊಂಡಳು.

ಅಮ್ಮ ಜಗಳವಾಡಲಿಲ್ಲ. “ಹೇಳಿದ್ದು ಸುಳ್ಳಲ್ಲ. ಇಷ್ಟ ಇಲ್ಲದಿದ್ರೆ ಬಲವಂತ ಏನೂ ಇಲ್ಲ,” ಎಂದು ಏಣಿಯ ಟ್ರೇಯಿಂದ ಚೀಟಿ ತೆಗೆದು ಕೊಟ್ಟಳು. ಅಂಕಲ್ ಸ್ವಲ್ಪ ಮುಜುಗರದಿಂದಲೇ ತೆಗೆದುಕೊಂಡು ಹೋದರು.

ಮಾತು ಅಲ್ಲಿಗೇ ನಿಲ್ಲಲಿಲ್ಲ, ಬಾಯಿಂದ ಬಾಯಿಗೆ ಹರಡಿತು. ಗೋಡೆಯ ಕಪಾಟಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಂದು ಅಮ್ಮ ಚಿಕ್ಕ ಟ್ರೇಗಳನ್ನು ಇಟ್ಟಿದ್ದಳು. ಒಬ್ಬರ ಹಿಂದೆ ಒಬ್ಬರು ಬಂದು ಚೀಟಿ ವಾಪಸ್ ಪಡೆದರು. ವಾರ ಕಳೆಯುವುದರೊಳಗೆ ತೆಳು ಗಾಜಿನವರ ಟ್ರೇಗಳೆಲ್ಲ ಹೆಚ್ಚುಕಡಿಮೆ ಬರಿದಾದವು. ಉಳಿದದ್ದು ದಪ್ಪ ಗಾಜಿನವರದು.

ರೇಡಿಯೊ ಉಳಿದ ಟ್ರೇಗಳನ್ನು ಮತ್ತೆ ಮತ್ತೆ ಎಣಿಸಿದಳು. ಎಲ್ಲ ಸೇರಿದ್ರೆ ಸರಿಹೋಗುತ್ತೆ ಎಂದಿದ್ದಳಲ್ಲ ಅಮ್ಮ, ಈಗ ಸೇರುವವರೇ ಇಲ್ಲ.

“ಅಮ್ಮ, ಮೂಗುಜ್ಜಿ ಗಾಜು ಯಾವಾಗ ಬರುತ್ತೆ?”

“ಇನ್ನೂ ಆರ್ಡರ್ ಹಾಕಿಲ್ಲ.”

“ಯಾಕೆ?”

“ಕೈಯಿಂದ ಎಷ್ಟು ಅಂತ ಹಾಕ್ಲಿ? ಅಂಗಡಿ ಬಾಡಿಗೆನೂ ಕಟ್ಬೇಕಲ್ಲ.” ಅಮ್ಮನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೇ ಚೆನ್ನಾಗಿತ್ತು ಎನ್ನಿಸಿತು ರೇಡಿಯೊಗೆ.

ಮರುದಿನ ಮೂಗುಜ್ಜಿ ಶಾಲೆಯ ಕಾಂಪೌಂಡಿನ ಪಕ್ಕ ಒಬ್ಬಳೇ ಕುಳಿತಿದ್ದಳು. “ನಾನೇ ಕಣೇ!” ಎಂದು ರೇಡಿಯೊ ದೂರದಿಂದಲೇ ಕೂಗಿದಳು. ಬರುತ್ತಿರುವವರು ಯಾರೆಂದು ಅವಳಿಗೆ ಕಾಣುತ್ತಿರಲಿಲ್ಲ, ಅದಕ್ಕೇ ಅವಳ ಹತ್ತಿರ ಹೋಗುವಾಗ ಎಲ್ಲರೂ ಹಾಗೆ ಕೂಗಿಯೇ ಹೋಗಬೇಕಿತ್ತು.

“ನನ್ನ ಕನ್ನಡಕ ಬಂತಾ? ದೊಡ್ಡಮ್ಮ ದುಡ್ಡು ಎತ್ತಿಟ್ಟಿದ್ದಾರೆ.”

“ಇನ್ನೂ... ಬರುತ್ತೆ,” ಎಂದಳು ರೇಡಿಯೊ. “ಬೋರ್ಡು ಕಾಣಲ್ಲ ಅಂತ ತುಂಬ ಬೇಜಾರಾ?”

“ಬೋರ್ಡು ಬಿಡು, ಎದ್ದು ಹೋಗಿ ಬರ್ಕೊಂಡು ಬರ್ತೀನಿ. ಮುಖ ಕಾಣಲ್ವಲ್ಲ, ಅದೇ ಕಷ್ಟ. ಮಿಸ್ ನಗ್ತಾ ಇದಾರಾ, ಕಣ್ಣು ಬಿಡ್ತಾ ಇದಾರಾ ಅಂತ ನನ್ನ ಬೆಂಚಿಂದ ಗೊತ್ತೇ ಆಗಲ್ಲ. ಅದಕ್ಕೇ ಯಾವಾಗ್ಲೂ ಸ್ವಲ್ಪ ಹೆದರ್ಕೊಂಡೇ ಕೂತಿರ್ತೀನಿ.”

ರೇಡಿಯೊ ಬೆಲ್ ಹೊಡೆಯುವವರೆಗೆ ಅವಳ ಪಕ್ಕದಲ್ಲೇ ಕುಳಿತಳು.

ಆ ಸಂಜೆ ಅಂಗಡಿಯಲ್ಲಿ ಅವಳು ಪವರ್ ಪೆಟ್ಟಿಗೆ ತೆರೆದಳು. ಕಣ್ಣು ಪರೀಕ್ಷೆಗೆಂದು ಇಟ್ಟ ದುಂಡನೆಯ ಗಾಜುಗಳು ಅದರಲ್ಲಿ ಸಾಲಾಗಿದ್ದವು. ಅವನ್ನು ಸಿಕ್ಕಿಸಲು ಒಂದು ಭಾರದ ಕಬ್ಬಿಣದ ಫ್ರೇಮೂ ಇತ್ತು.

“ಅಮ್ಮ, ಮೂಗುಜ್ಜಿಗೆ ಕಾಣೋ ಹಾಗೆ ನನಗೂ ಕಾಣ್ಬೇಕು ಅಂದ್ರೆ ಯಾವ ಗಾಜು ಹಾಕ್ಬೇಕು?”

ಅಮ್ಮ ಒಂದು ಕ್ಷಣ ಮಗಳನ್ನೇ ನೋಡಿದಳು. ಆಮೇಲೆ ದೂರದ್ದನ್ನು ಮಸುಕು ಮಾಡುವ ಎರಡು ಪ್ಲಸ್ ಗಾಜು ಆರಿಸಿ, ಫ್ರೇಮಿಗೆ ಸಿಕ್ಕಿಸಿ, ಅವಳ ಮೂಗಿನ ಮೇಲೆ ಇಟ್ಟು, ಚಕ್ರದ ಮುಂದೆ ಹೋಗಿ ಕುಳಿತಳು.

ಅಂಗಡಿ ಕರಗಿಹೋಯಿತು. ಗೋಡೆ, ಕಪಾಟು, ಬಾಗಿಲು ಎಲ್ಲ ಒಂದಕ್ಕೊಂದು ಕಲಸಿಕೊಂಡವು. ಅಮ್ಮ ಇದ್ದ ಜಾಗದಲ್ಲಿ ಒಂದು ನೀಲಿ ಸೀರೆ, ಅದರ ಮೇಲೊಂದು ಕಂದು ಉಂಡೆ. ಉಂಡೆ ಇವಳ ಕಡೆ ತಿರುಗಿತು. ಆದರೆ ಅದರಲ್ಲಿ ಕಣ್ಣಿರಲಿಲ್ಲ, ಬಾಯಿರಲಿಲ್ಲ. ಅಮ್ಮ ನಗುತ್ತಿದ್ದಾಳಾ? ಕೋಪ ಮಾಡಿಕೊಂಡಿದ್ದಾಳಾ? ಏಣಿಗೆ ಹೇಳಿದ್ದಕ್ಕೆ ಇನ್ನೂ ಬೇಜಾರಿದೆಯಾ? ರೇಡಿಯೊಗೆ ಗೊತ್ತಾಗಲಿಲ್ಲ.

“ಅಮ್ಮ, ಏನಾದ್ರೂ ಮಾತಾಡು,” ಎಂದಳು. ಅವಳ ದನಿ ಅವಳಿಗೇ ಚಿಕ್ಕದಾಗಿ ಕೇಳಿಸಿತು.

ಅಮ್ಮ ಎದ್ದು ಬಂದು ಫ್ರೇಮ್ ತೆಗೆದಳು. ಹತ್ತಿರದಲ್ಲಿ ಅಮ್ಮನ ಮುಖ ಕಂಡಿತು. ಸ್ವಲ್ಪ ಸುಸ್ತಾಗಿತ್ತು, ಅಷ್ಟೇ.

“ಇದನ್ನ ಒಂಚೂರು ತಗೊಂಡು ಹೋಗ್ಲಾ? ಬೀಳಿಸಲ್ಲ. ಆಣೆ.”

ಸೈಕಲ್ ಅಂಗಡಿಯಲ್ಲಿ ಏಣಿ ಹಳೆಯ ಟಯರಿನ ಮೇಲೆ ಕುಳಿತಿದ್ದ. ಅವನಪ್ಪ ಟ್ಯೂಬನ್ನು ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದರು. ರೇಡಿಯೊ ಪೀಠಿಕೆಯಿಲ್ಲದೆ ಫ್ರೇಮನ್ನು ಏಣಿಯ ಮೂಗಿಗೆ ಏರಿಸಿ, ಅವನನ್ನು ದರದರ ಎಳೆದುಕೊಂಡು ಹೋಗಿ ರಸ್ತೆಯ ಆಚೆ ಬದಿಗೆ ನಿಲ್ಲಿಸಿದಳು.

“ನಿಮ್ಮಪ್ಪ ಈಗ ನಗ್ತಾ ಇದಾರಾ, ಬೈತಾ ಇದಾರಾ?”

“ಲೇ, ಏನೂ ಕಾಣ್ತಿಲ್ಲ ಕಣೇ! ಬೈತಾ ಇದಾರೆ ಅನ್ಸುತ್ತೆ. ತೆಗಿಯೇ ಇದನ್ನ, ಅಪ್ಪ ಬೈತಾರೆ!”

ಅವನಪ್ಪ ಬೈಯುತ್ತಿರಲಿಲ್ಲ. ಮಗನ ಅವತಾರ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಮೂಗುಜ್ಜಿಗೆ ದಿನಾ ಹೀಗೇ ಅಂಕಲ್,” ಎಂದಳು ರೇಡಿಯೊ, ವಾಪಸ್ ಬಂದು. “ಅವಳ ಗಾಜು ದಪ್ಪ. ತಪ್ಪು ಅವಳದ್ದಲ್ಲ.”

ಅಂಕಲ್ ನಗು ನಿಲ್ಲಿಸಿದರು. ಟ್ಯೂಬನ್ನು ಮತ್ತೆ ನೀರಿಗೆ ಅದ್ದಿದರು. “ಪಾಪ ಅನ್ಸುತ್ತೆ ಮರಿ. ಆದ್ರೆ ಲೆಕ್ಕ ಲೆಕ್ಕಾನೇ. ಅವರವರದ್ದು ಅವರವರು ಕೊಡಬೇಕು ಅಂತ ನೀನೇ ಹೇಳಿದ್ಯಂತಲ್ಲ?”

ಹೌದು, ಅವಳೇ ಹೇಳಿದ್ದು. ರೇಡಿಯೊ ತಲೆ ತಗ್ಗಿಸಿ ನಿಂತಳು. ಆಗ ತರಕಾರಿ ಮಾರುವವನೊಬ್ಬ ತಳ್ಳುಗಾಡಿ ತಂದು ನಿಲ್ಲಿಸಿದ. ಅಂಕಲ್ ಗಾಳಿ ಮೆಷಿನ್ ಹಚ್ಚಿ ಅದರ ದಪ್ಪನೆಯ ಚಕ್ರಗಳಿಗೆ ಗಾಳಿ ತುಂಬಿದರು. ಮೆಷಿನ್ ಬಹಳ ಹೊತ್ತು ಗೊರಗೊರ ಅಂದಿತು. ಅವನ ಹಿಂದೆಯೇ ಒಂದು ಪುಟ್ಟ ಹುಡುಗಿ ಮೊಳದುದ್ದದ ಸೈಕಲ್ ತಂದಳು. ಮೆಷಿನ್ ಎರಡು ಸಲ ‘ಫುಸ್’ ಅಂದು ಸುಮ್ಮನಾಯಿತು. ಇಬ್ಬರಿಂದಲೂ ಅಂಕಲ್ ಚಕ್ರಕ್ಕೆ ಇಷ್ಟೆಂದು ಒಂದೇ ರೇಟು ತೆಗೆದುಕೊಂಡರು.

ರೇಡಿಯೊ ತಲೆಯೆತ್ತಿದಳು.

“ಅಂಕಲ್! ಗಾಡಿಗೆ ಅಷ್ಟೊಂದು ಗಾಳಿ ಹೋಯ್ತು. ಅವಳ ಸೈಕಲ್ಲಿಗೆ ಒಂದು ಚಮಚ! ಒಂದೇ ರೇಟಾ?”

“ಮೊದಲಿಂದ್ಲೂ ಹಂಗೇ ಅಲ್ವಾ? ಗಾಡಿಯವನು ದಿನಾ ಬೆಳಗಾದ್ರೆ ಬರ್ತಾನೆ. ಗಾಳಿ ಅಳೆದು ಅಳೆದು ದುಡ್ಡು ಕೇಳಿದ್ರೆ ಅವನು ಬದುಕೋದು ಹೇಗೆ? ಎಲ್ಲ ಸೇರಿ...” ಅಂಕಲ್ ಕೈಯಲ್ಲಿದ್ದ ಪೈಪನ್ನು ನೋಡಿದರು, ರೇಡಿಯೊಳನ್ನು ನೋಡಿದರು, ಕಿವಿಯ ಹಿಂದೆ ಕೆರೆದುಕೊಂಡು ಕಿವಿಗೂ ಗ್ರೀಸ್ ಬಳಿದುಕೊಂಡರು.

“ಎಲ್ಲ ಸೇರಿದ್ರೆ ಸರಿಹೋಗುತ್ತೆ,” ಎಂದಳು ರೇಡಿಯೊ ಮೆಲ್ಲಗೆ. “ಅಮ್ಮನೂ ಹಾಗೇ ಅಂದಿದ್ಲು. ನಾನೇ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ.”

“ಅಬ್ಬಾ, ನಿನ್ನ ಬಾಯಿಗೊಂದು ದೊಡ್ಡ ನಮಸ್ಕಾರ!” ಅಂಕಲ್ ಜೋರಾಗಿ ನಕ್ಕು ಮಗನ ಕಡೆ ತಿರುಗಿದರು. “ಏಯ್, ಆ ಚೀಟಿ ಎಲ್ಲಿಟ್ಟೆ? ತಗೊಂಬಾ.”

ಕೊಟ್ಟ ಚೀಟಿಗಳೆಲ್ಲ ವಾಪಸ್ ಬರಲಿಲ್ಲ. ಕೆಲವರು ಆಗಲೇ ಬೇರೆ ಕಡೆ ಕನ್ನಡಕ ಮಾಡಿಸಿಬಿಟ್ಟಿದ್ದರು. ಇನ್ನು ಕೆಲವರು ಅಂಗಡಿಯ ಮುಂದೆ ಹಾದುಹೋಗುವಾಗ ಆಕಾಶ ನೋಡಿಕೊಂಡು ಹೋದರು. ಆದರೂ ಅಂಕಲ್ ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ಗಾಳಿಯ ಲೆಕ್ಕ ಹೇಳಿ ಹೇಳಿ, ಒಂದಷ್ಟು ಟ್ರೇಗಳು ಮತ್ತೆ ತುಂಬಿದವು. ಅಮ್ಮ ಅವನ್ನೆಲ್ಲ ನೋಡಿದಳು. “ಲಾಭ ಅಂತೂ ಇಲ್ಲ. ಕೈ ಕಚ್ಚದಿದ್ರೆ ಸಾಕು,” ಎಂದು ಗಾಜಿನ ಕಂಪನಿಗೆ ಫೋನ್ ಮಾಡಿದಳು.

ಮೂಗುಜ್ಜಿಯ ಗಾಜು ಬಂದ ದಿನ ಅಮ್ಮ ಅದರ ಅಂಚನ್ನು ಬಹಳ ಹೊತ್ತು ಉಜ್ಜಿದಳು. ಫ್ರೇಮಿನ ಕಡ್ಡಿಯನ್ನು ಬಿಸಿ ಮಾಡಿ, ಮೂಗುಜ್ಜಿಯ ಕಿವಿಗೆ ಸರಿಯಾಗಿ ಕೂರುವಂತೆ ಬಗ್ಗಿಸಿದಳು. ದೊಡ್ಡಮ್ಮ ಎಲ್ಲರೂ ಕೊಟ್ಟಷ್ಟೇ ದುಡ್ಡು ಕೊಟ್ಟು, ಬ್ಯಾಗಿನ ಜಿಪ್ ಎಳೆದುಕೊಂಡರು. ಆ ಹೊತ್ತಿಗೆ ರೇಡಿಯೊ ಟ್ಯೂಷನ್ನಿನಲ್ಲಿದ್ದಳು. ಏನೂ ನೋಡಲು ಸಿಗಲಿಲ್ಲವೆಂದು ಆಮೇಲೆ ಬಹಳ ಗೋಳಾಡಿದಳು.

ಮರುದಿನ ಬೆಳಿಗ್ಗೆ ಅವಳು ಶಾಲೆಯ ಗೇಟು ದಾಟಿದಾಗ ಆಟದ ಮೈದಾನದ ಆಚೆ ತುದಿಯಲ್ಲಿ, ನೀರಿನ ನಲ್ಲಿಯ ಹತ್ತಿರ ಮೂಗುಜ್ಜಿ ನಿಂತಿದ್ದಳು. ಮುಖದ ಮೇಲೆ ಕಪ್ಪು ಫ್ರೇಮು.

“ನಾನೇ...” ಎಂದು ಕೂಗಲು ರೇಡಿಯೊ ಬಾಯಿ ತೆರೆದಳು. ಹಾಗೇ ಮುಚ್ಚಿಕೊಂಡಳು. ಇದ್ದಲ್ಲಿಯೇ ನಿಂತು, ಒಂದು ಮಾತೂ ಆಡದೆ, ಬರೀ ನಕ್ಕಳು.

ಮೈದಾನದ ಆಚೆಯಿಂದ ಮೂಗುಜ್ಜಿಯೂ ನಕ್ಕಳು.